ಬಲಕ್ಕೆ ವಾಲಿದ ದನಿ

ಶವಪೆಟ್ಟಿಗೆಗೂ ಗೋಡೆಗೂ ನಡುವೆ ಉಳಿದಿದ್ದ ಒಂದು ಮೊಳ ಜಾಗದಲ್ಲಿ ತೆಯೊಬಾಲ್ಡೋ ತನ್ನ ಭಾರೀ ಮೈಯನ್ನು ಹೇಗೋ ತೂರಿಸಿ, ಮೊಣಕಾಲೂರಿ, ಕಪಾಟಿನ ಕೆಳಖಾನೆಯಲ್ಲಿದ್ದ, ಹಾಡು ನುಡಿಸುವ ರಿಸೀವರಿನ ಹಿಂದಕ್ಕೆ ಕೈ ಹಾಕಿದ. ಇಸ್ತ್ರಿ ಮಾಡಿದ ಬಿಳಿ ಅಂಗಿ ಮೇಲಕ್ಕೆ ಸರಿದು ಅರ್ಧ ಬೆನ್ನು ಹೊರಗೆ ಬಂದಿತ್ತು. ಸಾವಿನ ಮನೆ ಎಂಬುದನ್ನೂ ಮರೆತು ಇಬ್ಬರು ಹೆಂಗಸರು ಬೀಸಣಿಗೆಯ ಮರೆಯಲ್ಲಿ ನಕ್ಕರು.

"ತೆಯೋ, ಅಂಗಿ ಕೆಳಗೆ ಎಳ್ಕೋ ಮಾರಾಯ. ಎವೆಲಿಯೋ ಭೂಮಿ ಮೇಲೆ ಕೊನೇಗೆ ನೋಡೋದು ಇದನ್ನೇನಾ?" ಎಂದಳು ಪಕ್ಕದ ಮನೆಯ ಒಟಿಲಿಯಾ.

"ಅವನು ಇದಕ್ಕಿಂತ ಕೆಟ್ಟದ್ದನ್ನೆಲ್ಲ ನೋಡಿದಾನೆ ಬಿಡು," ಕಪಾಟಿನೊಳಗಿಂದಲೇ ಉತ್ತರ ಬಂತು. "ಕೊಮಾದ್ರೆ, ಟಾರ್ಚ್ ಎಲ್ಲಿಟ್ಟಿದೀರಿ?"

"ಅಡುಗೆಮನೆ ಗೂಡಲ್ಲಿದೆ. ಆ ಯಂತ್ರದ ತಂಟೆಗೆ ಹೋಗ್ಬೇಡಿ ಅಂತ ಬೆಳಿಗ್ಗೆಯಿಂದ ಹೇಳ್ತಾನೇ ಇದೀನಿ," ಎಂದಳು ನೂರಿಸ್.

ಪೆಟ್ಟಿಗೆಯಲ್ಲಿ ಮಲಗಿದ್ದ ಎವೆಲಿಯೋನ ಹೆಂಡತಿ ಅವಳು. ನಲವತ್ತೆಂಟು ವರ್ಷ ಸಂಸಾರ ಮಾಡಿ, ನಿನ್ನೆ ಬೆಳಿಗ್ಗೆ ಕಾಫಿ ಹಿಡಿದು ಕೋಣೆಗೆ ಹೋದಾಗ ಗಂಡ ತಣ್ಣಗಾಗಿದ್ದನ್ನು ಕಂಡವಳು. ತೆಯೊಬಾಲ್ಡೋ ಅವರ ಮಗಳು ಯಾನೆತ್‌ಗೆ ಧರ್ಮತಂದೆಯಾಗಿ ನಿಂತವನು. ಅಂದಿನಿಂದ ಅವನು ಇವರಿಗೆ ಕೊಂಪಾದ್ರೆ, ಅವಳು ಅವನಿಗೆ ಕೊಮಾದ್ರೆ. ಬರಾಂಕಿಯಾ ಊರಿನಲ್ಲಿ ಇದು ರಕ್ತಸಂಬಂಧಕ್ಕಿಂತ ಒಂದು ತೂಕ ಹೆಚ್ಚೇ. ಅದಕ್ಕೇ ಅವನು ಅವಳ ಮಾತು ಕೇಳುತ್ತಿರಲಿಲ್ಲ, ಅವಳೂ ಹೇಳುವುದನ್ನು ಬಿಡುತ್ತಿರಲಿಲ್ಲ.

"ನಾನು ಮಾತು ಕೊಟ್ಟಿದೀನಿ," ಎಂದ ಅವನು ಬೆವರು ಒರೆಸುತ್ತ ಹೊರಬಂದು. "ಮನೆಯಿಂದ ಎತ್ತುವಾಗ ಒಂದು ಹಾಡು ಹಾಕು ಅಂದಿದ್ದ. ಫೋನಿನಲ್ಲಿ ಅಲ್ಲ, ಬಿಷಪ್‌ನಲ್ಲಿ."

ಬಿಷಪ್ ಅಂದರೆ ಆ ರಿಸೀವರು. ಕರಿಯ ಮೈ, ಚಿನ್ನದ ಅಕ್ಷರ, ಇಬ್ಬರು ಎತ್ತಬೇಕಾದ ತೂಕ. ಅದು ಬಾಯಿ ಬಿಟ್ಟರೆ ಮನೆಮಂದಿಯೆಲ್ಲ ಬಾಯಿ ಮುಚ್ಚಬೇಕು. ಈ ಕೇರಿಯಲ್ಲಿ ಅಡ್ಡಹೆಸರಿಲ್ಲದೆ ನಾಯಿಯೂ ಬದುಕುವುದಿಲ್ಲ, ಇನ್ನು ಜಪಾನಿನಿಂದ ಬಂದ ಯಂತ್ರ ಬಿಟ್ಟೀತೇ. ಹಿಂದೆ ಬೀದಿ ಕುಣಿತಗಳಿಗೆ ಮನೆಯೆತ್ತರದ ಧ್ವನಿಪೆಟ್ಟಿಗೆ ಬಾಡಿಗೆಗೆ ಕೊಡುತ್ತಿದ್ದ ತೆಯೊಬಾಲ್ಡೋನನ್ನು ಎಲ್ಲರೂ ಟ್ರಾನ್ಸ್‌ಫಾರ್ಮರ್ ಎನ್ನುತ್ತಿದ್ದರು. ನೀರು ಸರಬರಾಜಿನವರ ಕೆಲಸದಲ್ಲಿದ್ದ ಎವೆಲಿಯೋ ನೆಲದ ಡಾಕ್ಟರು. ಮೂವತ್ತು ವರ್ಷ ಅವನು ಮಾಡಿದ್ದು ಅದೇ: ಊರು ಏಳುವ ಮುಂಚೆ ಕಬ್ಬಿಣದ ಸರಳೊಂದನ್ನು ಬೀದಿಗೆ ಊರಿ, ಅದರ ತುದಿಗೆ ಕಿವಿ ಹಚ್ಚಿ, ನೆಲದಡಿಯ ಪೈಪು ಎಲ್ಲಿ ಸೋರುತ್ತಿದೆ ಎಂದು ಹೇಳುವುದು. ಅವನು ಗುರುತು ಹಾಕಿದಲ್ಲಿ ಅಗೆದರೆ ನೀರು ಸಿಗದೆ ಇದ್ದದ್ದೇ ಇಲ್ಲ.

ತೆಯೊಬಾಲ್ಡೋ ಹಾಡು ಹಾಕಿದ. ಹಳೆಯ ಬೊಲೆರೋ, ನಿಧಾನ ಲಯದ ಪ್ರೇಮಗೀತೆ. ಹಾಡುವವನ ದನಿ ಎದುರು ಗೋಡೆಯ ಬಲಬದಿಗೆ ಅಂಟಿಕೊಂಡು ಬಂತು. ಎಡಗಡೆಯ ದೊಡ್ಡ ಧ್ವನಿಪೆಟ್ಟಿಗೆ ಇದ್ದೂ ಇಲ್ಲದಂತೆ ಪಿಸುಗುಟ್ಟಿತು.

"ಶುರುವಾಯ್ತು ನೋಡು, ಸೊಟ್ಟ ಬಿಷಪ್," ಎಂದ ಬಾಗಿಲ ಬಳಿ ನಿಂತಿದ್ದ ಕ್ಷೌರದ ಅಂಗಡಿಯ ಲಿಬಾರ್ಡೋ. "ರಸ್ತೆ ಕೆಳಗಿನ ನೀರು ಕೇಳಿಸ್ತಿತ್ತಂತೆ, ತನ್ನ ಮನೆ ಹಾಡು ವಾಲಿರೋದು ಮಾತ್ರ ಕೇಳಿಸ್ಲಿಲ್ಲ ಪುಣ್ಯಾತ್ಮನಿಗೆ."

"ಹನ್ನೊಂದು ವರ್ಷ ನಾನೂ ಬಾಯ್ಬಡ್ಕೊಂಡೆ," ಎಂದ ತೆಯೊಬಾಲ್ಡೋ. ಅವನ ಕಣ್ಣು ತುಂಬಿತ್ತು. "ಮುಟ್ಟೋಕೇ ಬಿಡ್ತಿರ್ಲಿಲ್ಲ. ಇವತ್ತಾದ್ರೂ ನೆಟ್ಟಗಿರೋ ದನಿ ಕೇಳ್ಕೊಂಡು ಹೋಗ್ಲಿ ನನ್ನ ತಮ್ಮ."

ಅವನು ಬಗ್ಗಿ, ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿ ಹಿಡಿದ. ಬಿಷಪ್‌ನ ಹಳದಿ ಅಕ್ಷರಗಳು ಆರಿದವು. ಮತ್ತೆ ಹತ್ತಿದಾಗ ಅದು ಅಂಗಡಿಯಿಂದ ಈಗಷ್ಟೇ ಬಂದಂತೆ ಎಲ್ಲರಿಗೂ ಸ್ವಾಗತ ಹೇಳಿತು. ಹಾಡು ಇನ್ನೊಮ್ಮೆ ಮೊದಲಿನಿಂದ ಬಂತು, ಈ ಸಲ ಎರಡೂ ಕಡೆಯಿಂದ ಸಮನಾಗಿ. ಹಾಡುವವನು ನಡುಮನೆಯಲ್ಲಿ, ಹೆಣದ ತಲೆಯ ಹಿಂದೆಯೇ ನಿಂತಂತಿದ್ದ. ಒಟಿಲಿಯಾ ಶಿಲುಬೆಯ ಗುರುತು ಹಾಕಿಕೊಂಡಳು.

"ಅಯ್ಯೋ, ಇಷ್ಟೆಲ್ಲ ಇತ್ತಾ ಇದರೊಳಗೆ!" ಎಂದ ಲಿಬಾರ್ಡೋ.

ನೂರಿಸ್‌ಗೆ ಅದ್ಯಾವುದೂ ವಿಶೇಷ ಅನಿಸಲಿಲ್ಲ. ಅವಳು ಗಂಡನ ಹಣೆಯನ್ನೇ ನೋಡುತ್ತಿದ್ದಳು. ಎಲ್ಲರೂ ಮುಟ್ಟಿ, ಅತ್ತು ಮುಗಿಸಿದ ಮೇಲೆ ಆ ಹಣೆಗೆ ಕೊನೆಯದಾಗಿ ತಾನೊಂದು ಮುತ್ತಿಡಬೇಕು ಎಂದು ಬೆಳಗಿನಿಂದ ಕಾದಿಟ್ಟುಕೊಂಡಿದ್ದಳು. ಆಗ ಎಡಗಡೆಯಿಂದ ಯಾರೋ ಏನೋ ಅಂದಂತಾಯಿತು.

"ಆಹಾಂ," ಎಂದಳು, ಎಂದಿನಂತೆ.

ಶವಸಂಸ್ಕಾರದವರ ಕಡೆಯ, ಕಪ್ಪು ಟೈ ಕಟ್ಟಿದ ಇಬ್ಬರು ಮುಂದೆ ಬಂದು ಶವಪೆಟ್ಟಿಗೆಯ ಮುಚ್ಚಳ ಹಾಕಿದರು. ನಾಲ್ಕು ತಿರುಪುಗಳು ಬಿಗಿದವು. ಆಗಲೇ ಅವಳಿಗೆ ಗೊತ್ತಾದದ್ದು, ಅವರು ಕೇಳಿದ್ದು ಏನೆಂದು. ತೆಗೆಯಿರಿ ಎನ್ನಲು ಬಾಯಿ ತೆರೆದಳು. ತೆಗೆಯಿರಿ ಎಂದರೆ ಯಾಕೆ ಎನ್ನುತ್ತಾರೆ. ನನಗೆ ಕೇಳಿಸಲಿಲ್ಲ ಎನ್ನಬೇಕಾಗುತ್ತದೆ. ಬಾಯಿ ಮುಚ್ಚಿಕೊಂಡಳು.

"ಕೊಂಪಾದ್ರೆ," ಎಂದಳು, ಇದ್ದ ಸಿಟ್ಟನ್ನೆಲ್ಲ ಬಿಷಪ್ ಮೇಲೆ ತಿರುಗಿಸಿ. "ಮಣ್ಣು ಮುಗಿಸಿ ಬಂದ ಮೇಲೆ ಇದನ್ನ ನಿಮ್ಮ ಮನೆಗೆ ಹೊತ್ಕೊಂಡು ಹೋಗಿ. ಇವತ್ತೇ. ಒಂಬತ್ತು ದಿನದ ಜಪ ಮುಗೀಲಿ ಅಂತ ಕಾಯ್ಬೇಡಿ."

*

ನೂರಿಸ್‌ಳ ಎಡಗಿವಿ ಹೋಗಿ ಹದಿನಾರು ವರ್ಷವಾಗಿತ್ತು. ತಂಪು ಪಾನೀಯದ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಅವಳ ಎಡಗಡೆಯಲ್ಲೇ ಬಾಟಲಿಗಳು ಒಂದಕ್ಕೊಂದು ತಾಗುತ್ತ ಓಡುತ್ತಿದ್ದವು. ಮೊದಲು ಆ ಕಿವಿಯಲ್ಲಿ ಸಿಳ್ಳೆ ಕೇಳಿಸಿತು, ಆಮೇಲೆ ಸಿಳ್ಳೆಯೂ ನಿಂತಿತು. ಅವಳು ಯಾರಿಗೂ ಹೇಳಲಿಲ್ಲ. ಅವಳ ಅಜ್ಜಿಗೆ ಕಿವಿ ಕೇಳುತ್ತಿರಲಿಲ್ಲ. ಕೇರಿ ಆ ಅಜ್ಜಿಗೆ ಗೋಡೆ ಎಂದು ಹೆಸರಿಟ್ಟಿತ್ತು. ಅಜ್ಜಿಯ ಬೆನ್ನ ಹಿಂದೆ ನಿಂತು ಗೋಡೇ ಎಂದು ಕೂಗುವ ಮಕ್ಕಳ ಗುಂಪಿನಲ್ಲಿ ಪುಟ್ಟ ನೂರಿಸ್‌ಳೂ ಇದ್ದಳು. ಅಜ್ಜಿ ಸತ್ತ ದಿನ, ಗೋಡೆ ಬಿತ್ತು ಎಂದು ಯಾರೋ ಅಂದರು, ಜನ ನಕ್ಕರು.

ಹಾಗಾಗಿ ಅವಳು ಕಲಿತಳು. ಚರ್ಚಿನಲ್ಲಿ ಬೆಂಚಿನ ಎಡತುದಿಗೆ ಕೂರುವುದು. ನಡೆಯುವಾಗ ಎಲ್ಲರ ಎಡಗಡೆ ಸೇರಿಕೊಳ್ಳುವುದು. ಕೇಳಿಸದಿದ್ದರೆ ಆಹಾಂ ಅನ್ನುವುದು. ಹತ್ತರಲ್ಲಿ ಎಂಟು ಸಲ ಅದು ನಡೆದುಹೋಗುತ್ತದೆ. ಯಾರಿಗೂ ಗೊತ್ತಾಗಿಲ್ಲ ಎಂಬುದು ಅವಳ ಒಳಗಿನ ಹೆಮ್ಮೆ. ಗಂಡನಿಗೂ ಗೊತ್ತಾಗಿಲ್ಲ ಎಂಬುದು ಇನ್ನೂ ದೊಡ್ಡ ಹೆಮ್ಮೆ.

ಎವೆಲಿಯೋ ನಿವೃತ್ತನಾದ ತಿಂಗಳೇ ಬಿಷಪ್‌ನ ಆಗಮನವಾಯಿತು. ಕೈಗೆ ಬಂದ ಗಂಟಿನಲ್ಲಿ ಹೆಚ್ಚೂಕಡಿಮೆ ಅರ್ಧ ಅದಕ್ಕೇ ಹೋಯಿತು.

"ಮೂವತ್ತು ವರ್ಷ ಪೋಲಾಗೋ ನೀರಿನ ಸದ್ದು ಕೇಳಿದೀನಿ," ಎಂದಿದ್ದ ಅವನು. "ಇನ್ನು ಮೇಲೆ ಚೆನ್ನಾಗಿರೋದನ್ನ ಕೇಳ್ತೀನಿ. ಹಾಡು, ಸಿನಿಮಾ. ನಾವಿಬ್ರೂ ಕೂತ್ಕೊಂಡು."

ನಾವಿಬ್ಬರೂ ಎಂಬ ಮಾತಿಗೆ ಅವಳು ಕರಗಿದ್ದೇನೋ ನಿಜ. ಆದರೆ ಮಾರನೆಯ ದಿನದಿಂದ ಮೂರು ದಿನ ಮನೆ ಮನೆಯಾಗಿರಲಿಲ್ಲ. ಯಂತ್ರದ ಜೊತೆ ಬಂದಿದ್ದ, ಹೆಬ್ಬೆರಳಿನಷ್ಟು ದೊಡ್ಡ ಮೈಕಿನಿಂದ ಕೋಣೆಯನ್ನು ಅಳೆಯಬೇಕಂತೆ. ಪ್ರತಿ ಧ್ವನಿಪೆಟ್ಟಿಗೆಯೂ ಸರದಿಯಂತೆ ಚುಂಯ್ ಎನ್ನುವುದು. ಅದು ಕೂತವರಿಂದ ಎಷ್ಟು ದೂರ, ಎಷ್ಟು ಜೋರು ಎಂದು ಬಿಷಪ್ ಲೆಕ್ಕ ಹಾಕುವುದು. ಅಷ್ಟು ಹೊತ್ತೂ ಫ್ಯಾನ್ ಆರಿಸಬೇಕು, ಕುಕ್ಕರ್ ಇಳಿಸಬೇಕು. ಬೆಣ್ಣೆಹಣ್ಣು ಮಾರುವವನು ಬೀದಿಯಲ್ಲಿ ಕೂಗಿದರೆ ಎಲ್ಲ ಮೊದಲಿನಿಂದ.

ನಾಲ್ಕನೆಯ ದಿನ ಎವೆಲಿಯೋ ಅವಳ ತೂಗುಕುರ್ಚಿಯನ್ನು ನಡುಮನೆಯಿಂದ ಎತ್ತಿ ಎಡಗಡೆಯ ಮೂಲೆಯಲ್ಲಿ, ಗೋಡೆಗೆ ಒತ್ತಿ ಇಟ್ಟ.

"ಇದೇನು?" ಎಂದಳು ನೂರಿಸ್.

"ದನಿಗೆ ಹೀಗೇ ಬೇಕು."

"ದನಿಗೆ ಬೇಕು ಅಂತ ಹೆಂಡ್ತೀನ ಮೂಲೆಗೆ ಹಾಕ್ತೀಯಾ?"

"ಕೂತು ನೋಡು, ಆಮೇಲೆ ಬೈಯಿ."

ಕೂತಳು. ಅಷ್ಟಕ್ಕೇ ಬಿಡಲಿಲ್ಲ. ಕುರ್ಚಿ ತೂಗಬಾರದೆಂದು ಅದರ ಬಾಗಿದ ಕಾಲುಗಳ ಕೆಳಗೆ ಎರಡು ಮರದ ಬೆಣೆ ಹೊಡೆದ. ಈ ಊರಿನಲ್ಲಿ ಹೆಂಗಸಿನ ತೂಗುಕುರ್ಚಿಗೆ ಬೆಣೆ ಹೊಡೆಯುವುದೆಂದರೆ ಬಾಯಿಗೆ ಬಟ್ಟೆ ತುರುಕಿದ ಹಾಗೆ. ಸಂಜೆ ಕೂತು ತೂಗದಿದ್ದರೆ ಗಾಳಿ ಎಲ್ಲಿಂದ ಬರಬೇಕು, ಮಾತು ಎಲ್ಲಿಂದ ಬರಬೇಕು? ಸಾಲದ್ದಕ್ಕೆ ಕುರ್ಚಿಯ ಬೆನ್ನಿನ ಬಲಗಡೆ, ತಲೆಯ ಎತ್ತರಕ್ಕೆ ಒಂದು ಗೂಟವನ್ನೂ ಬಡಿದ. ಯಾಕೆ ಎಂದರೆ, ಇರಲಿ ಎಂದ. ಅವಳು ಮುಖ ಊದಿಸಿಕೊಂಡು ತನ್ನ ಜಪಮಾಲೆಯನ್ನು ಅದಕ್ಕೆ ನೇತುಹಾಕಿದಳು. ಹನ್ನೊಂದು ವರ್ಷ ಅದು ಅಲ್ಲೇ ತೂಗಾಡುತ್ತಿತ್ತು. ಆ ಮೂಲೆಯಲ್ಲಿ ತೂಗುತ್ತಿದ್ದದ್ದು ಅದೊಂದೇ.

ನನ್ನನ್ನು ಮೂಲೆಗೆ ಹಾಕಿದ ಎಂದು ಅವಳು ಮಗಳಿಗೆ ಹೇಳಿದ್ದಳು, ಒಟಿಲಿಯಾಗೆ ಹೇಳಿದ್ದಳು, ಪಾದ್ರಿಯ ಮುಂದೆ ಪಾಪನಿವೇದನೆಯಲ್ಲೂ ಹೇಳಿದ್ದಳು. ಎವೆಲಿಯೋನ ಎದುರಿಗೇ ಹೇಳಿದಾಗ ಅವನು ನಕ್ಕು ಸುಮ್ಮನಾಗುತ್ತಿದ್ದ. ಆ ನಗುವೇ ಅವಳ ಹೊಟ್ಟೆ ಉರಿಸುತ್ತಿತ್ತು.

*

ಚರ್ಚಿನಲ್ಲಿ ಅವಳು ಬೆಂಚಿನ ಎಡತುದಿಗೆ ಕೂತಳು. ಎವೆಲಿಯೋ ಕೂರುತ್ತಿದ್ದ ಬಲಗಡೆಯ ಜಾಗ ಖಾಲಿ ಉಳಿಯಿತು. ಯಾನೆತ್ ಸುತ್ತಿಕೊಂಡು ಬಂದು ಎಡಗಡೆಯ ಓಣಿಯಲ್ಲಿ ಕುರ್ಚಿ ಹಾಕಿಕೊಂಡು ತಾಯಿಯ ಕೈ ಹಿಡಿದಳು. ಪಾದ್ರಿ ಏನೇನೋ ಒಳ್ಳೆಯದನ್ನೇ ಹೇಳುತ್ತಿದ್ದ, ಮಗಳು ಏನೋ ಪಿಸುಗುಟ್ಟಿದಳು. ನೂರಿಸ್ ಆಹಾಂ ಎಂದಳು. ಮಗಳು ಎದ್ದು ಹೋಗಿ ಒಂದು ಲೋಟ ನೀರು ತಂದಳು. ಬೇಡದಿದ್ದ ನೀರನ್ನು ಕುಡಿಯುತ್ತ ನೂರಿಸ್‌ಗೆ ಮೊದಲ ಸಲ ಭಯವಾಯಿತು. ಹೀಗೆ ಎಷ್ಟು ದಿನ ನಡೆಸುವುದು? ಇಷ್ಟು ವರ್ಷ ಹೇಗೆ ನಡೆಯಿತು?

ಸ್ಮಶಾನ ಹತ್ತು ಬೀದಿಯಾಚೆ. ಬಿಸಿಲಿಗೆ ಡಾಂಬರು ಮೆತ್ತಗಾಗಿತ್ತು. ಮುಂದೆ ಪೆಟ್ಟಿಗೆ, ಹಿಂದೆ ಜನ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಅಳು ನಿಂತು ಮಾತು ಶುರುವಾಯಿತು.

"ಇಲ್ಲೇ ಈ ಮೂಲೇಲಿ," ಎಂದ ಲಿಬಾರ್ಡೋ, "ಸರಳು ಊರಿ, ಇಲ್ಲಿ ಅಗೀರಿ ಅಂದ. ಎಂಜಿನಿಯರ್ ನಕ್ಕ. ಅಗೆದ್ರೆ ಬುಗ್ಗೆ. ಎಂಜಿನಿಯರ್ ಪ್ಯಾಂಟೆಲ್ಲ ಒದ್ದೆ."

"ಗಿಣಿ ಅಂತ ಹೆಸರಿಡ್ಬೇಕಾಗಿತ್ತು ಎವೆಲಿಯೋಗೆ," ಎಂದಳು ಒಟಿಲಿಯಾ ನೂರಿಸ್‌ಳ ಬಲಗಡೆ ನಡೆಯುತ್ತ. "ನಾನು ಏನಾದ್ರೂ ಹೇಳಿದ್ರೆ ಸಾಕು, ಅದನ್ನೇ ತಿರುಗಿ ಹೇಳ್ತಿದ್ದ. ‘ನಾಳೆ ಮೀನು ಬರುತ್ತಂತೆ, ನೂರಿಸ್.’ ‘ಒಟಿಲಿಯಾ ಮಗನಿಗೆ ಜ್ವರವಂತೆ, ನೂರಿಸ್.’ ಅಲ್ಲ, ನಾನು ಎದುರಿಗೇ ನಿಂತು ಹೇಳ್ತಿದೀನಿ, ನಿನಗೇನು ಕಿವಿ ಇಲ್ವಾ? ಅಲ್ವೇನೇ ನಿನ್ಯಾ ನೂರಿಸ್?"

ನಿನ್ಯಾ ಅಂದರೆ ಹುಡುಗಿ. ಇಲ್ಲಿ ಎಪ್ಪತ್ತು ದಾಟಿದವರನ್ನು ಗೌರವದಿಂದ ಹಾಗೆ ಕರೆಯುತ್ತಾರೆ. ಹಾಗೆ ತಿರುಗಿ ಹೇಳುವುದಕ್ಕೆ ನೂರಿಸ್‌ಳೂ ಗಂಡನನ್ನು ಬೈದಿದ್ದಳು. ಮುದಿತನಕ್ಕೆ ಬಂದ ಚಾಳಿ ಎಂದುಕೊಂಡಿದ್ದಳು. ಈಗ ಬಲಗಡೆ ಒಟಿಲಿಯಾ ಒಬ್ಬಳ ಮಾತು ಮಾತ್ರ ಕೇಳಿಸುತ್ತಿತ್ತು, ಎಡಗಡೆಯ ಬೀದಿಯೆಲ್ಲ ಹತ್ತಿ ತುರುಕಿದಂತಿತ್ತು. ತಿರುಗಿ ಹೇಳುವವನು ಮುಂದೆ ಪೆಟ್ಟಿಗೆಯಲ್ಲಿ ಹೋಗುತ್ತಿದ್ದ.

ಮಣ್ಣು ಹಾಕುವಾಗ ಅವಳು ಅತ್ತಳು. ಮುತ್ತಿಡದೆ ಕಳಿಸಿದೆ ಎಂದು ಅತ್ತಳು. ಜನ ಬೇರೆ ಏನನ್ನೋ ತಿಳಿದು ಬೆನ್ನು ಸವರಿದರು.

*

ಎವೆಲಿಯೋ ಇದ್ದಾಗ ಭಾನುವಾರದ ಮಧ್ಯಾಹ್ನಗಳಲ್ಲಿ ಗೆಳೆಯರು ಹಾಡು ಕೇಳಲು ಬರುತ್ತಿದ್ದರು. ಎಲ್ಲರೂ ಕಿವಿಯಿದ್ದವರು, ಎರಡು ಸ್ವರ ಕೇಳಿಯೇ ಯಾವ ವರ್ಷದ ಧ್ವನಿಮುದ್ರಣ ಎಂದು ಹೇಳುವವರು. ಬಂದವರೆಲ್ಲ ಮೊದಲು ಆಡುವ ಮಾತು ಒಂದೇ.

"ಎವೆಲಿಯೋ, ಟ್ರಂಪೆಟ್ ಊದೋನು ಪಕ್ಕದ್ಮನೇಲಿದಾನಾ?"

"ಇಷ್ಟು ದುಡ್ಡು ಸುರಿದು ಕುಂಟು ಕುದುರೆ ತಂದ್ಯಲ್ಲೋ!"

"ನನ್ನ ಕಿವಿ ಇರೋದೇ ಹಾಗೆ," ಎನ್ನುತ್ತಿದ್ದ ಎವೆಲಿಯೋ, ಬಿಯರ್ ತೆರೆಯುತ್ತ. "ಸರಳಿಗೆ ಹಚ್ಚಿ ಹಚ್ಚಿ ಒಂದು ಕಡೆ ಸವೆದಿದೆ."

ಒಂದು ಸಲ ತೆಯೊಬಾಲ್ಡೋ ತಡೆಯಲಾರದೆ ಎದ್ದು ಬಿಷಪ್‌ನ ಮುಂದೆ ಕೂತ. ಎವೆಲಿಯೋ ದನಿಯೆತ್ತಿ ಮಾತಾಡಿದ್ದನ್ನು ಕೇರಿಯಲ್ಲಿ ಯಾರೂ ಕಂಡಿರಲಿಲ್ಲ. ಅಂದು ಅವನು ಬಂದು ಕೊಂಪಾದ್ರೆಯ ಕೈಗೆ ಪಟ್ಟನೆ ಹೊಡೆದ. ಎಲ್ಲರೂ ದಂಗಾದರು. ತೆಯೊಬಾಲ್ಡೋ ಎರಡು ಭಾನುವಾರ ಬರಲಿಲ್ಲ. ಮೂರನೆಯ ಭಾನುವಾರ ಎವೆಲಿಯೋನೇ ಹೋಗಿ ಕರೆತಂದ, ಆದರೆ ಕ್ಷಮೆಯನ್ನೂ ಕೇಳಲಿಲ್ಲ, ಕಾರಣವನ್ನೂ ಹೇಳಲಿಲ್ಲ.

ಅಡುಗೆಮನೆಯಿಂದ ಇದನ್ನೆಲ್ಲ ನೋಡಿದ್ದ ನೂರಿಸ್‌ಗೆ ಆವತ್ತು ಅನಿಸಿದ್ದು ಇಷ್ಟೇ: ಈ ಯಂತ್ರಕ್ಕಾಗಿ ಇವನು ಗೆಳೆಯನ ಮೇಲೂ ಕೈ ಮಾಡುತ್ತಾನೆ.

ಶನಿವಾರ ಮಾತ್ರ ಅವರಿಬ್ಬರದೇ. ಹಳೆಯ ಮೆಕ್ಸಿಕೋ ಸಿನಿಮಾಗಳು. ಅವನು ಬಲಗಡೆಯ ಮುಕ್ಕಾಲಿಯ ಮೇಲೆ, ಅವಳು ಬೆಣೆ ಹೊಡೆದ ಕುರ್ಚಿಯಲ್ಲಿ. ಮೂಲೆಯ ಮೇಲಿನ ಸಿಟ್ಟು ಏನೇ ಇರಲಿ, ಆ ಎರಡು ಗಂಟೆ ಅವಳಿಗೆ ಇಷ್ಟ. ಇಡೀ ವಾರದಲ್ಲಿ ಆಹಾಂ ಎನ್ನದೆ ಇರುವ ಎರಡು ಗಂಟೆ ಅದು. ಪ್ರತಿ ಮಾತೂ, ಪ್ರತಿ ನಿಟ್ಟುಸಿರೂ ಕಿವಿಗೆ ಬಂದು ಬೀಳುತ್ತಿತ್ತು. ದುಬಾರಿ ಯಂತ್ರವಲ್ಲವೇ, ಹಾಗೇ ಇರುತ್ತದೆ ಎಂದುಕೊಂಡಿದ್ದಳು. ಕಳೆದ ಶನಿವಾರ ನೋಡಿದ್ದು ಕುದುರೆ ವ್ಯಾಪಾರಿಯೊಬ್ಬನ ಕತೆ. ಮೂವರು ಅಕ್ಕತಂಗಿಯರಿಗೂ ಮದುವೆಯ ಮಾತು ಕೊಟ್ಟು ಅವನು ಸಿಕ್ಕಿಬೀಳುವ ಹೊತ್ತಿಗೆ ಎವೆಲಿಯೋ ಎದೆ ಉಜ್ಜಿಕೊಳ್ಳುತ್ತ, "ಸುಸ್ತಾಗ್ತಿದೆ, ಉಳಿದದ್ದು ಆಮೇಲೆ ನೋಡೋಣ," ಎಂದು ನಿಲ್ಲಿಸಿದ್ದ.

*

ಮೊದಲ ದಿನದ ಜಪ ಮುಗಿದು, ಕಾಫಿ, ಚೀಸು ಹಂಚಿ, ಜನ ಚದುರುವಾಗ ಇನ್ನೂ ಬೆಳಕಿತ್ತು. ತೆಯೊಬಾಲ್ಡೋ ಇಬ್ಬರು ತಮ್ಮಂದಿರನ್ನೂ ಒಂದು ತಳ್ಳುಗಾಡಿಯನ್ನೂ ತಂದಿದ್ದ. ಒಳಗೆ ಯಾನೆತ್ ನೆಲದ ಮೇಲೆ ಕೂತು, ಸುತ್ತಿಗೆಯಿಂದ ತಾಯಿಯ ಕುರ್ಚಿಯ ಬೆಣೆ ಬಿಡಿಸುತ್ತಿದ್ದಳು.

"ತಗೋ ಅಮ್ಮ," ಎಂದಳು ಎರಡು ಮರದ ತುಂಡುಗಳನ್ನು ಪಕ್ಕಕ್ಕೆ ಎಸೆದು. "ಇನ್ನು ಮೇಲೆ ಎಷ್ಟು ಬೇಕೋ ಅಷ್ಟು ತೂಗು. ಪಾಪ, ಅಪ್ಪ ಒಳ್ಳೇವನೇ, ಇದೊಂದು ಹುಚ್ಚು ಬಿಟ್ರೆ."

ನೂರಿಸ್ ಕೂತು ತೂಗಿದಳು. ಹನ್ನೊಂದು ವರ್ಷ ಕೇಳಿ ಕೇಳಿ ಸಿಗದಿದ್ದದ್ದು ಸಿಕ್ಕಿತ್ತು. ಆದರೂ ಕಣ್ಣು ಬಿಷಪ್ ಕಡೆಗೇ ಹೋಯಿತು.

"ಕೊಂಪಾದ್ರೆ," ಎಂದಳು, "ವೈರ್ ಕೀಳೋ ಮುಂಚೆ ಆ ಸಿನಿಮಾ ಉಳಿದರ್ಧ ಹಾಕಿ. ಆ ಕುದುರೆಯವನು ಏನಾದ ಅಂತ ಗೊತ್ತಾಗ್ದೆ ನಿದ್ದೆ ಬರಲ್ಲ ನಂಗೆ."

"ಅದಕ್ಕೇನು, ನೋಡೋಣ," ಎಂದು ತೆಯೊಬಾಲ್ಡೋ ಹಾಕಿದ. ತಾನು ಮುಕ್ಕಾಲಿ ಎಳೆದುಕೊಂಡು ನಡುವೆ ಕೂತ. ತಮ್ಮಂದಿರು ಬಾಗಿಲಿಗೆ ಒರಗಿದರು.

ಅಂಗಳದಲ್ಲಿ ಕುದುರೆ ವ್ಯಾಪಾರಿ ಟೋಪಿ ಕೈಲಿ ಹಿಡಿದು ನಿಂತಿದ್ದ. ಹಿರಿಯಕ್ಕ ಬಾಯಿ ತೆರೆದಳು. ನೂರಿಸ್‌ಗೆ ಕೇಳಿಸಿದ್ದು ಒಂದು ಗುಂಯ್ ಮಾತ್ರ. ಮಧ್ಯದವಳು ಅಳುತ್ತ ಏನೋ ಅಂದಳು, ತಮ್ಮಂದಿರು ನಕ್ಕರು. ನೂರಿಸ್ ಮುಂದಕ್ಕೆ ಬಾಗಿದಳು.

"ಸ್ವಲ್ಪ ಜೋರು ಮಾಡಿ."

ಜೋರಾಯಿತು. ಗುಂಯ್ ದೊಡ್ಡದಾಯಿತು, ಮಾತಾಗಲಿಲ್ಲ.

"ಇನ್ನೂ."

"ಕೊಮಾದ್ರೆ, ಗಾಜು ಅದುರ್ತಿದೆ!"

"ಇದಕ್ಕೆ ಏನು ಮಾಡಿದ್ರಿ ನೀವು?" ಎಂದಳು ನೂರಿಸ್. "ಶನಿವಾರ ಚೆನ್ನಾಗಿತ್ತು. ಎಲ್ಲ ಕೇಳ್ತಿತ್ತು. ಏನು ಮಾಡಿದ್ರಿ?"

ತೆಯೊಬಾಲ್ಡೋ ಚಿತ್ರವನ್ನು ನಿಲ್ಲಿಸಿದ. ಹಿರಿಯಕ್ಕನ ಬಾಯಿ ತೆರೆದೇ ಉಳಿಯಿತು.

"ನಾನೇನು ಮಾಡ್ದೆ? ನೆಟ್ಟಗೆ ಮಾಡ್ದೆ ಅಷ್ಟೇ. ಅವನು ಇಟ್ಟಿದ್ದ ಲೆಕ್ಕವನ್ನೆಲ್ಲ ಅಳಿಸಿ, ಮೊದಲು ಹೇಗೆ ಬಂದಿತ್ತೋ ಹಾಗೆ."

"ಅವನು ಹೇಗಿಟ್ಟಿದ್ದ?"

"ಅಯ್ಯೋ, ಅದೊಂದು ತಮಾಷೆ. ಅಳಿಸೋ ಮುಂಚೆ ನೋಡ್ದೆ. ಎಡಗಡೇದು ಹೆಚ್ಚೂಕಡಿಮೆ ಮುಚ್ಚಿಬಿಟ್ಟಿದಾನೆ. ಬಲಗಡೇದು ಮೇಲೆ. ಮಧ್ಯದ ಪೆಟ್ಟಿಗೆ, ಸಿನಿಮಾದ ಮಾತೆಲ್ಲ ಬರೋದು ಅದರಲ್ಲಿ, ಅದಂತೂ ಕಿರಿಚೋ ಹಾಗೆ. ದೂರಗಳೂ ಅಷ್ಟೇ, ನಡುವೆ ಕೂತವನಿಗೆ ಸರಿಹೋಗೋ ಲೆಕ್ಕವೇ ಅಲ್ಲ. ಯಾರೋ ಆ ಮೂಲೇಲಿ ಕೂತು, ಬರೀ ಬಲಗಡೆಯಿಂದ..."

ಅವನು ಕುರ್ಚಿಯನ್ನು ನೋಡಿದ. ಗೋಡೆಗೆ ಒತ್ತಿದ ಅದರ ಎಡಬದಿಯನ್ನು, ಇಡೀ ಕೋಣೆಗೆ ತೆರೆದುಕೊಂಡ ಬಲಬದಿಯನ್ನು ನೋಡಿದ. ಅವಳನ್ನು ನೋಡಿದ.

ನೂರಿಸ್ ತೂಗುವುದನ್ನು ನಿಲ್ಲಿಸಿದ್ದಳು. ಗಿಣಿಯಂತೆ ತಿರುಗಿ ಹೇಳುತ್ತಿದ್ದವನು, ಬೀದಿಯಲ್ಲಿ ಯಾವಾಗಲೂ ಬಲಗಡೆಗೇ ಬಂದು ಸೇರಿಕೊಳ್ಳುತ್ತಿದ್ದವನು, ಮೂಲೆಗೆ ಹಾಕಿದೆ ಎಂದು ಬೈದರೆ ನಕ್ಕು ಸುಮ್ಮನಾಗುತ್ತಿದ್ದವನು. ಅವನಿಗೆ ಗೊತ್ತಿತ್ತು. ಮೊದಲಿನಿಂದಲೂ ಗೊತ್ತಿತ್ತು. ಅವಳ ಹೆಮ್ಮೆಗೆ ಒಂದು ಗೆರೆಯೂ ಬೀಳಬಾರದೆಂದು ಕುಂಟು ಕುದುರೆಯ ಯಜಮಾನ ಎನಿಸಿಕೊಂಡು ಹೋದ.

ತೆಯೊಬಾಲ್ಡೋ ಎದ್ದು ಬಂದು, ಅವಳ ಎಡ ಹೆಗಲಿನ ಕಡೆಗೆ ಬಗ್ಗಿ ಏನೋ ಕೇಳಿದ. ಆಹಾಂ ಎಂಬುದು ನಾಲಿಗೆಯ ತುದಿಗೆ ಬಂತು. ಅವಳು ಅದನ್ನು ನುಂಗಿದಳು.

"ಕೊಂಪಾದ್ರೆ, ಈ ಕಡೆ ಬನ್ನಿ," ಎಂದಳು. "ಆ ಕಿವಿ ನಂಗೆ ಕೇಳಲ್ಲ."

ಯಾನೆತ್ ಕೈಯಲ್ಲಿದ್ದ ಸುತ್ತಿಗೆಯನ್ನು ಮೆಲ್ಲಗೆ ನೆಲದ ಮೇಲಿಟ್ಟಳು.

"ಬೆಳಿಗ್ಗೆ ಅವರು ಮುಚ್ಚಳ ಮುಚ್ಚೋಣ್ವಾ ಅಂದಿದ್ದೂ ನಂಗೆ ಕೇಳಿಸ್ಲಿಲ್ಲ. ಅವನಿಗೆ ಮುತ್ತಿಡ್ಬೇಕಿತ್ತು."

"ಅಮ್ಮಾ," ಎಂದು ಮಗಳು ಅವಳ ತೊಡೆಗೆ ಹಣೆಯಿಟ್ಟಳು. ತೆಯೊಬಾಲ್ಡೋ ಬಲಗಡೆಗೆ ಬಂದು ನೆಲದ ಮೇಲೆ ದೊಪ್ಪನೆ ಕೂತ.

"ನನ್ನ ಕೈಗೆ ಹೊಡೆದಾಗ ಕೂಡ ಹೇಳ್ಲಿಲ್ಲ ಬಡ್ಡೀಮಗ," ಎಂದ, ಅಳುತ್ತಲೇ. "ಹನ್ನೊಂದು ವರ್ಷ ಸೊಟ್ಟ ಬಿಷಪ್, ಸೊಟ್ಟ ಬಿಷಪ್ ಅಂದ್ವಿ. ಕೇಳಿಸ್ಕೊಂಡು ಕೂತಿದ್ದ. ಊರಲ್ಲಿ ಯಾರ ಮನೆ ಪೈಪ್ ಸೋರಿದ್ರೂ ಗೊತ್ತಾಗ್ತಿದ್ದವನಿಗೆ ತನ್ನ ಮನೇದು ಗೊತ್ತಾಗಲ್ವಾ, ಅದು ನಮ್ಮ ತಲೆಗೆ ಹೊಳೀಲಿಲ್ಲ. ನಾನು ಎಂಥಾ ಕತ್ತೆ ಕೊಮಾದ್ರೆ, ಅವನನ್ನ ಹೂಳೋ ದಿನವೇ ಎಲ್ಲ ಅಳಿಸಿಬಿಟ್ಟೆ."

"ಅಳಬೇಡಿ. ಮತ್ತೆ ಮಾಡೋಕಾಗುತ್ತಾ?"

"ದೂರ ಅಳೀಬಹುದು. ಆದ್ರೆ ಎಷ್ಟು ವಾಲಿಸ್ಬೇಕು ಅನ್ನೋದು ಅವನು ಅಂದಾಜಲ್ಲಿ ಇಟ್ಟಿದ್ದು, ನಿಮ್ಮ ಮುಖ ನೋಡಿ ನೋಡಿ. ಅದು ನಂಗೆ ಹೇಗೆ ಗೊತ್ತಾಗ್ಬೇಕು?"

"ನಾನು ಹೇಳ್ತೀನಿ. ಕೇಳಿಸೋವರೆಗೂ ಇನ್ನೂ ಇನ್ನೂ ಅಂತ ಹೇಳ್ತೀನಿ." ಅವಳು ಬಾಗಿಲ ಕಡೆ ತಿರುಗಿದಳು. "ನೀವಿಬ್ರೂ ಗಾಡಿ ತಗೊಂಡು ಮನೆಗೆ ಹೋಗಿ. ಬಿಷಪ್ ಎಲ್ಲಿಗೂ ಬರಲ್ಲ. ನನ್ನ ಕಿವಿ ವಿಷಯ ಬೀದಿಗೆ ಬಿತ್ತೋ, ನಿಮ್ಮಿಬ್ಬರಿಗೂ ನಾನೇ ಹೆಸರಿಡ್ತೀನಿ."

"ಬಿದ್ರೆ ಬೀಳ್ಲಿ ಬಿಡಿ ಕೊಮಾದ್ರೆ," ಎಂದ ತೆಯೊಬಾಲ್ಡೋ ಮೂಗು ಒರೆಸಿಕೊಂಡು. "ಯಾರಾದ್ರೂ ಗೋಡೆ ಅಂದ್ರೆ ಅವನ ಮೇಲೆ ನಾನೇ ಬೀಳ್ತೀನಿ. ಅವನು ಏಳಲ್ಲ."

ಅವಳು ನಕ್ಕಳು. ಎರಡು ದಿನಗಳಲ್ಲಿ ಮೊದಲ ಸಲ.

ಮೈಕು ಹುಡುಕಲು ಹೊತ್ತಾಗಲಿಲ್ಲ. ಅವಳ ಗುಂಡಿಗಳ ಡಬ್ಬಿಯಲ್ಲೇ ಇತ್ತು. ಅವಳು ಕುರ್ಚಿಯ ಗೂಟದಿಂದ ಜಪಮಾಲೆ ತೆಗೆದು ಕೊರಳಿಗೆ ಹಾಕಿಕೊಂಡಳು. ಗೂಟದ ತುದಿಯಲ್ಲಿ ಹೆಬ್ಬೆರಳಿನಷ್ಟು ಕುಳಿ ತೋಡಿತ್ತು. ಮೈಕು ಅದರಲ್ಲಿ ಹಿಡಿಸಿದಂತೆ ಕೂತಿತು; ಅವಳು ಮನೆಯಲ್ಲಿಲ್ಲದಾಗ ಅವನು ಅಳೆದಿರಬೇಕು. ಆಮೇಲೆ ಅವಳೇ ಬಗ್ಗಿ, ಮಗಳು ಎಸೆದಿದ್ದ ಬೆಣೆಗಳನ್ನು ಎತ್ತಿ, ಒಂದೊಂದಾಗಿ ಕುರ್ಚಿಯ ಕಾಲಡಿಗೆ ತಳ್ಳಿದಳು.

"ಅಳೆಯುವಾಗ ಕೂತ್ಕೋಬಾರದು, ಲೆಕ್ಕ ತಪ್ಪುತ್ತೆ," ಎಂದ ತೆಯೊಬಾಲ್ಡೋ.

"ಅವನು ಇಟ್ಟಿದ್ದೇ ನನ್ನ ಮುಖ ನೋಡಿ, ನೀವೂ ನೋಡ್ತಾ ಇಡಿ," ಎಂದು ನೂರಿಸ್ ಕೂತಳು. ಬಲಗಿವಿಗೆ ನಾಲ್ಕು ಬೆರಳು ಆಚೆಗೆ ಮೈಕು ಇತ್ತು.

ಯಾನೆತ್ ಫ್ಯಾನ್ ಆರಿಸಿ, ಪಕ್ಕದ ಮನೆಗೆ ಕೂಗಿ ಹೇಳಿದಳು. ಹೊರಗೆ ಹರಟುತ್ತಿದ್ದವರಿಗೆ ಒಟಿಲಿಯಾ ತನ್ನ ಕಿಟಕಿಯಿಂದ ಶ್ ಎಂದಳು. ಬೀದಿ ಸುಮ್ಮನಾಯಿತು. ಬೆವರು ನೂರಿಸ್‌ಳ ಕತ್ತಿನಿಂದ ಇಳಿಯತೊಡಗಿತು.

ಎಡಗಡೆಯ ಪೆಟ್ಟಿಗೆಯ ಸರದಿ ಬಂದಾಗ ಅವಳಿಗೆ ಏನೂ ಕೇಳಿಸಲಿಲ್ಲ. ತೆಯೊಬಾಲ್ಡೋ ತಲೆಯಾಡಿಸಿದ್ದರಿಂದ ಗೊತ್ತಾಯಿತು. ಮಧ್ಯದ್ದು ದೂರದಿಂದ ಬಂತು. ಆಮೇಲೆ ಬಲಗಡೆಯದು, ಚುಂಯ್ ಎಂದು, ಮುಕ್ಕಾಲಿಯ ಕಡೆಯಿಂದ, ಕಿವಿಗೆ ಬಾಯಿಟ್ಟು ಹೇಳಿದಷ್ಟು ಹತ್ತಿರದಲ್ಲಿ.

ನೂರಿಸ್ ತಲೆಯನ್ನು ಬಲಕ್ಕೆ ಸ್ವಲ್ಪ ವಾಲಿಸಿ, "ಆಹಾಂ," ಎಂದಳು.